ಬಲ್ಮಠದ ದೈವಜ್ಞಾನಶಾಲೆ : ಕ್ರೈಸ್ತ ಬೋಧಕರ ಶಿಕ್ಷಣ ಮತ್ತು ಕನ್ನಡ

ಧರ್ಮವೊಂದು ತಲೆಮಾರಿನಿಂದ ತಲೆಮಾರಿಗೆ ಸಾಗುವುದು ಅದನ್ನು ಬೋಧಿಸುವವರ ಮೂಲಕ. ಶಾಸ್ತ್ರಗ್ರಂಥಗಳು ಎಷ್ಟಿದ್ದರೂ ಅವನ್ನು ಓದಿ, ಮನನ ಮಾಡಿ, ಜನರ ಬದುಕಿಗೆ ಅನ್ವಯಿಸಿ ಹೇಳಬಲ್ಲವರು ಇಲ್ಲವಾದರೆ ಅವು ಗಂಟು ಕಟ್ಟಿಟ್ಟ ಓಲೆಗಳಾಗಿಯೇ ಉಳಿಯುತ್ತವೆ. ಆದುದರಿಂದಲೇ ಎಲ್ಲ ಧರ್ಮಗಳೂ ಬೋಧಕರ ಶಿಕ್ಷಣಕ್ಕೆ ತಮ್ಮದೇ ಆದ ಏರ್ಪಾಡನ್ನು ಮಾಡಿಕೊಂಡಿವೆ. ಬೌದ್ಧರಿಗೆ ವಿಹಾರ, ವೈದಿಕರಿಗೆ ಗುರುಕುಲ, ವೀರಶೈವರಿಗೆ ಮಠ, ಮುಸಲ್ಮಾನರಿಗೆ ಮದರಸಾ ಇದ್ದಂತೆ ಕ್ರೈಸ್ತರಿಗೆ ಸೆಮಿನರಿ. ಈ ಮಾತಿನ ಲ್ಯಾಟಿನ್ ಮೂಲಕ್ಕೆ ಸಸಿಯ ಮಡಿ ಎಂದು ಅರ್ಥ. ಬೀಜ ಬಿತ್ತಿ, ಎಳೆಯ ಸಸಿಗಳನ್ನು ಒಂದೆಡೆ ಕಾಪಾಡಿ, ಬಲಿತ ಮೇಲೆ ಕಿತ್ತು ಹೊಲಕ್ಕೆ ನಾಟಿ ಮಾಡುವ ರೈತನ ಕೆಲಸವೇ ಈ ಶಿಕ್ಷಣಕ್ಕೆ ಹೆಸರನ್ನು ಕೊಟ್ಟಿದೆ.

ಆದರೆ ಸಸಿಯ ಗುಣ ಮಡಿಯ ಮಣ್ಣನ್ನು ಅವಲಂಬಿಸಿದೆ. ಪರದೇಶದ ಬೀಜವನ್ನು ಕನ್ನಡದ ಮಣ್ಣಿನಲ್ಲಿ ಬಿತ್ತಿದವರು ಯಾವ ಭಾಷೆಯಲ್ಲಿ ಕಲಿಸಬೇಕು, ಯಾವ ಸಾಹಿತ್ಯವನ್ನು ಓದಿಸಬೇಕು, ಕಲಿತವರ ಕೈಗೆ ಎಷ್ಟು ಅಧಿಕಾರ ಕೊಡಬೇಕು ಎಂಬ ಪ್ರಶ್ನೆಗಳನ್ನು ಎದುರಿಸಲೇಬೇಕಾಯಿತು. ಮಂಗಳೂರಿನ ಬಲ್ಮಠ ಗುಡ್ಡದ ಮೇಲೆ 1847ರಲ್ಲಿ ಆರಂಭವಾದ ಬಾಸೆಲ್ ಮಿಷನ್ನಿನ ದೈವಜ್ಞಾನಶಾಲೆಯ ಇತಿಹಾಸವೆಂದರೆ ಈ ಮೂರು ಪ್ರಶ್ನೆಗಳಿಗೆ ದೊರೆತ ಉತ್ತರಗಳ ಇತಿಹಾಸವೇ ಆಗಿದೆ. ಬಸವಪುರಾಣದ ಮುದ್ರಣ, ಸರ್ವಜ್ಞನ ತ್ರಿಪದಿಗಳ ಸಂಗ್ರಹ, ಅನುಭವಮಂಟಪದ ಚರಿತ್ರೆಯ ಶೋಧ ಇವೆಲ್ಲಕ್ಕೂ ಈ ಗುಡ್ಡದ ಮೇಲಿನ ಪಾಠಶಾಲೆಗೂ ಇರುವ ನಂಟನ್ನು ಅರಿತಾಗ ಕನ್ನಡ ಸಾಹಿತ್ಯದ ಅಭ್ಯಾಸಿಗೆ ಈ ಚರಿತ್ರೆ ಹೊರಗಿನದಾಗಿ ತೋರುವುದಿಲ್ಲ.

ಹಿನ್ನೆಲೆ

ಯುರೋಪಿನಲ್ಲಿ ಪಾದ್ರಿಗಳ ಶಿಕ್ಷಣ ಬಹುಕಾಲ ಮಠಗಳಲ್ಲಿಯೂ ವಿಶ್ವವಿದ್ಯಾಲಯಗಳಲ್ಲಿಯೂ ನಡೆಯುತ್ತಿತ್ತು. ಪ್ರತಿಯೊಂದು ಧರ್ಮಪ್ರಾಂತದಲ್ಲಿಯೂ ಗುರುಗಳ ಶಿಕ್ಷಣಕ್ಕಾಗಿ ಸೆಮಿನರಿಯನ್ನು ಸ್ಥಾಪಿಸಬೇಕೆಂದು ರೋಮನ್ ಕ್ಯಾಥೊಲಿಕ್ ಸಭೆ ವಿಧಿಸಿದ್ದು 1563ರಲ್ಲಿ, ಟ್ರೆಂಟ್ ಮಹಾಸಭೆಯ ಕಾಲಕ್ಕೆ. ಪ್ರಾಟೆಸ್ಟಂಟರಲ್ಲಿ ಹದಿನೇಳನೆಯ ಶತಮಾನದ ಕೊನೆಗೆ ಜರ್ಮನಿಯಲ್ಲಿ ಒಂದು ಭಕ್ತಿಪಂಥ ತಲೆಯೆತ್ತಿತು. ಒಣ ಪಾಂಡಿತ್ಯಕ್ಕಿಂತ ಅಂತರಂಗದ ಪರಿವರ್ತನೆ ದೊಡ್ಡದು, ಸಾಮಾನ್ಯ ಜನರೂ ತಮ್ಮ ಮಾತಿನಲ್ಲಿಯೇ ಶಾಸ್ತ್ರವನ್ನು ಓದಬೇಕು ಎಂಬುದು ಇದರ ಹಿರಿಯರಾದ ಸ್ಪೇನರ್ ಮತ್ತು ಫ್ರಾಂಕೆ ಮೊದಲಾದವರ ನಿಲುವು. ಈ ಪಂಥದ ಹಾಲೆ ಪಟ್ಟಣದಿಂದ ಬಂದ ಝೀಗನ್‌ಬಾಲ್ಗ್ 1706ರಲ್ಲಿ ತರಂಗಂಬಾಡಿಗೆ ಇಳಿದು ತಮಿಳು ಕಲಿತನು. ಹತ್ತು ವರ್ಷಗಳಲ್ಲಿ ಉಪದೇಶಿಗಳ ಶಿಕ್ಷಣಕ್ಕೆ ಶಾಲೆಯನ್ನೂ ತೆರೆದನು. ಅಲ್ಲಿಯೇ 1733ರಲ್ಲಿ ಆರೋನ್ ಎಂಬ ತಮಿಳನು ಪ್ರಾಟೆಸ್ಟಂಟ್ ಸಭೆಯ ಗುರುಪಟ್ಟವನ್ನು ಪಡೆದನು. ಈ ದೇಶದ ಮನುಷ್ಯನೂ ಸಭೆಯನ್ನು ನಡೆಸಬಲ್ಲನೆಂಬುದಕ್ಕೆ ಅದು ಮೊದಲ ನಿದರ್ಶನ.

ಬಂಗಾಳದಲ್ಲಿ ಎರಡು ದಾರಿಗಳು ಕಾಣಿಸಿಕೊಂಡವು. ಕೇರಿ, ಮಾರ್ಷ್‌ಮನ್, ವಾರ್ಡ್ ಈ ಮೂವರು 1818ರಲ್ಲಿ ಶ್ರೀರಾಮಪುರದಲ್ಲಿ ಕಾಲೇಜನ್ನು ಸ್ಥಾಪಿಸಿದಾಗ ದೇಶಭಾಷೆಗಳಿಗೂ ಸಂಸ್ಕೃತಕ್ಕೂ ಅಲ್ಲಿ ಗೌರವದ ಸ್ಥಾನ ದೊರೆಯಿತು. ಡೆನ್ಮಾರ್ಕಿನ ಅರಸನು 1827ರಲ್ಲಿ ಅದಕ್ಕೆ ಪದವಿಗಳನ್ನು ನೀಡುವ ಅಧಿಕಾರಪತ್ರವನ್ನು ಕೊಟ್ಟನು. ಇದೇ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದುದು ಸ್ಮರಣೀಯ. ಇದಕ್ಕೆ ಬೇರೆಯಾಗಿ, 1830ರಲ್ಲಿ ಕಲಕತ್ತೆಗೆ ಬಂದ ಅಲೆಕ್ಸಾಂಡರ್ ಡಫ್ ಇಂಗ್ಲಿಷ್ ಶಿಕ್ಷಣವನ್ನೇ ಆಧಾರವಾಗಿ ಹಿಡಿದನು. ಮೇಲ್ವರ್ಗದ ತರುಣರಿಗೆ ಇಂಗ್ಲಿಷಿನ ಮೂಲಕ ಪಾಶ್ಚಾತ್ಯ ಜ್ಞಾನವನ್ನು ಕೊಟ್ಟರೆ ಅವರಿಂದ ಮುಂದಾಳುಗಳು ಹುಟ್ಟುವರೆಂಬುದು ಅವನ ನಂಬಿಕೆ. ಕನ್ನಡ ನಾಡಿಗೆ ಬಂದ ಮಿಷನರಿಗಳ ಮುಂದೆ ಈ ಎರಡು ದಾರಿಗಳೂ ಇದ್ದವು.

ಬಾಸೆಲ್‌ನಿಂದ ಮಂಗಳೂರಿಗೆ

ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಒಂದು ಮಿಷನ್ ಸಂಘ ಸ್ಥಾಪಿತವಾಯಿತು. ಮರುವರ್ಷ ಬ್ಲುಮ್‌ಹಾರ್ಟ್ ಎಂಬವರ ಮೇಲ್ವಿಚಾರಣೆಯಲ್ಲಿ ಅದರ ಶಿಕ್ಷಣಶಾಲೆ ಆರಂಭವಾಯಿತು. ಇಲ್ಲಿಗೆ ಬಂದ ವಿದ್ಯಾರ್ಥಿಗಳಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಒಕ್ಕಲು ಮಕ್ಕಳು, ನೇಕಾರರು, ಬಡಗಿಗಳು, ಕೈಕಸುಬಿನವರು. ಅವರಿಗೆ ಬೈಬಲ್, ಸಭಾಚರಿತ್ರೆ, ಧರ್ಮತತ್ತ್ವಗಳ ಜೊತೆಗೆ ಗ್ರೀಕ್, ಹೀಬ್ರೂ, ಲ್ಯಾಟಿನ್, ಇಂಗ್ಲಿಷ್ ಭಾಷೆಗಳ ಪಾಠವಾಗುತ್ತಿತ್ತು. ದಿನಚರಿ ಗಂಟೆಗಂಟೆಗೆ ಗೊತ್ತುಮಾಡಿದ್ದು. ಮೈಮುರಿದು ದುಡಿಯುವುದೂ ಶಿಕ್ಷಣದ ಭಾಗ. ಹಿರಿಯರ ಆಜ್ಞೆಯನ್ನು ಮೀರದಿರುವುದು ಅಲ್ಲಿಯ ಮೊದಲ ಪಾಠವಾಗಿತ್ತು. ಈ ಶಿಸ್ತಿನ ಬಲವೂ ಬಿಗಿಯೂ ಮುಂದೆ ಮಂಗಳೂರಿನಲ್ಲಿ ಕಾಣಿಸಿಕೊಂಡುವು.

ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲನ್ನು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರ್ ತಿಂಗಳಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನರಿಗಳು ಕಲ್ಲಿಕೋಟೆಯ ಮೂಲಕ ಮಂಗಳೂರನ್ನು ತಲುಪಿದರು. ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ಬೆಟಗೇರಿಯಲ್ಲಿ 1841ರಲ್ಲಿ ಅವರ ಠಾಣೆಗಳು ಏರ್ಪಟ್ಟವು. ಕನ್ನಡದ ಕ್ರೈಸ್ತ ವಾಙ್ಮಯಕ್ಕೆ ಅಷ್ಟು ಹೊತ್ತಿಗಾಗಲೇ ಬಳ್ಳಾರಿಯಲ್ಲಿ ಅಡಿಪಾಯ ಬಿದ್ದಿತ್ತು. ಲಂಡನ್ ಮಿಷನ್ನಿನ ಹ್ಯಾಂಡ್ಸ್ 1810ರಲ್ಲಿಯೇ ಅಲ್ಲಿಗೆ ಬಂದು ಬೈಬಲ್ಲಿನ ಕನ್ನಡ ಅನುವಾದಕ್ಕೆ ಕೈಹಾಕಿದ್ದನು. ಅವನ ಜೊತೆಗಾರ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟುಗಳನ್ನು ಹೊರತಂದನು. ಪುಸ್ತಕಗಳು ಸಿದ್ಧವಾಗುತ್ತಿದ್ದವು, ಅವನ್ನು ಹಿಡಿದು ಹಳ್ಳಿಗೆ ಹೋಗಬಲ್ಲ ಈ ನಾಡಿನ ಬೋಧಕರು ಇರಲಿಲ್ಲ.

ಈ ಕೊರತೆಯ ಭಾರವನ್ನು ಎಲ್ಲರಿಗಿಂತ ಹೆಚ್ಚಾಗಿ ಅನುಭವಿಸಿದವರು ಹರ್ಮನ್ ಮೋಗ್ಲಿಂಗ್. ಇವರು 1811ರಲ್ಲಿ ವುರ್ಟೆಂಬರ್ಗಿನ ಬ್ರಾಕನ್‌ಹೈಮ್ ಎಂಬಲ್ಲಿ ಹುಟ್ಟಿ, ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, 1836ರಲ್ಲಿ ಮಂಗಳೂರಿಗೆ ಬಂದರು. ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹೊರಡಿಸಿದವರೆಂದು ಕನ್ನಡಿಗರೆಲ್ಲರೂ ಇವರನ್ನು ಬಲ್ಲರು. ಆದರೆ ಅವರ ದಿನದ ಬಹುಭಾಗ ಹೋಗುತ್ತಿದ್ದುದು ಪತ್ರಿಕೆಗಲ್ಲ, ಹುಡುಗರ ಶಿಕ್ಷಣಕ್ಕೆ. ಶಿಷ್ಯರು ಬೇರೆ, ಗುರು ಬೇರೆ ಎಂಬ ಬಂಗಲೆಯ ಜೀವನ ಅವರಿಗೆ ಒಗ್ಗಲಿಲ್ಲ. ವಿದ್ಯಾರ್ಥಿಗಳೊಡನೆ ಒಂದೇ ಸೂರಿನಡಿ ವಾಸಿಸಿ, ಅವರ ಊಟವನ್ನೇ ಉಂಡು, ಅವರ ಮಾತನ್ನೇ ಆಡುತ್ತ ಕಲಿಸುವ ಪದ್ಧತಿಯನ್ನು ಅವರು ಕೈಗೊಂಡರು. ನಮ್ಮ ನಾಡಿನ ಓದುಗರಿಗೆ ಇದು ಗುರುಕುಲವೆಂದು ಥಟ್ಟನೆ ಹೊಳೆಯುತ್ತದೆ. ಯುರೋಪಿನಿಂದ ಬಂದವರಿಗೆ ಅದು ಸಂಪ್ರದಾಯಕ್ಕೆ ವಿರುದ್ಧವಾದ ನಡೆಯಾಗಿ ತೋರಿತು. ಹೀಗೆ ಬೆಳೆದ ಪಾಠದ ಮನೆಯೇ 1847ರಲ್ಲಿ ಬಲ್ಮಠದ ದೈವಜ್ಞಾನಶಾಲೆಯಾಗಿ ರೂಪುಗೊಂಡಿತು.

ಪಾಠದ ಭಾಷೆ, ಪಾಠದ ಸಾಹಿತ್ಯ

ಕರಾವಳಿಯ ಸಭೆಗಳಲ್ಲಿ ತುಳು ಮಾತಿನವರು ಬಹಳ. ತುಳುವಿನಲ್ಲಿ ಹೊಸ ಒಡಂಬಡಿಕೆಯೂ 1847ರ ಹೊತ್ತಿಗೆ ಸಿದ್ಧವಾಗಿತ್ತು. ಮನೆಯಲ್ಲಿ ಕೊಂಕಣಿ ಆಡುವ ವಿದ್ಯಾರ್ಥಿಗಳೂ ಇದ್ದರು. ಘಟ್ಟದ ಮೇಲಿನ ಧಾರವಾಡ, ಹುಬ್ಬಳ್ಳಿಯ ಸೀಮೆಯಿಂದ ಬಂದವರ ಕನ್ನಡವೇ ಬೇರೆ. ಈ ಎಲ್ಲರನ್ನೂ ಒಂದು ಹಲಗೆಯ ಮುಂದೆ ಕೂರಿಸುವ ಭಾಷೆಯಾಗಿ ಕನ್ನಡ ನಿಂತಿತು. ತುಳು ಪುಸ್ತಕಗಳನ್ನೂ ಕನ್ನಡ ಲಿಪಿಯಲ್ಲಿಯೇ ಅಚ್ಚು ಹಾಕಲಾಯಿತು. 1841ರಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯ ಈ ನಿರ್ಧಾರಕ್ಕೆ ಬೆನ್ನೆಲುಬಾಯಿತು. ಪಾಠಶಾಲೆ ಪುಸ್ತಕ ಬೇಡುತ್ತಿತ್ತು, ಮುದ್ರಣಾಲಯ ಒದಗಿಸುತ್ತಿತ್ತು. ಒಂದರ ಬೇಡಿಕೆ ಇನ್ನೊಂದರ ಬೆಳವಣಿಗೆಯಾಯಿತು.

ಆಗ ಮೋಗ್ಲಿಂಗರಿಗೆ ಒಂದು ಸತ್ಯ ಗೋಚರಿಸಿತು. ಅನುವಾದದ ಕನ್ನಡವನ್ನಷ್ಟೇ ಓದಿ ಬೆಳೆದ ಬೋಧಕನ ಮಾತು ಅನುವಾದದಂತೆಯೇ ಕೇಳಿಸುತ್ತದೆ. ಊರಕಟ್ಟೆಯಲ್ಲಿ ಕುಳಿತ ಜನ ಜೈಮಿನಿಯ ಷಟ್ಪದಿಗೆ ತಲೆದೂಗುವವರು, ದಾಸರ ಪದಗಳನ್ನು ಕಂಠಪಾಠ ಮಾಡಿದವರು, ಪುರಾಣಶ್ರವಣದಲ್ಲಿ ರಾತ್ರಿ ಕಳೆಯುವವರು. ಅಂಥವರ ಮುಂದೆ ನಿಲ್ಲುವವನಿಗೆ ಆ ಸಾಹಿತ್ಯದ ಪರಿಚಯವಿಲ್ಲದಿದ್ದರೆ ಅವನು ಸ್ವಂತ ಊರಿನಲ್ಲಿಯೇ ಪರದೇಶಿ. ಮೋಗ್ಲಿಂಗರೂ ಅವರ ಬಂಧು ವೈಗ್ಲೆಯವರೂ ಪಂಡಿತರ ನೆರವಿನಿಂದ ಓಲೆಗರಿಗಳನ್ನು ಸಂಗ್ರಹಿಸತೊಡಗಿದ್ದರ ಹಿಂದೆ ಸಾಹಿತ್ಯಪ್ರೇಮವೂ ಇತ್ತು, ಈ ಅಗತ್ಯವೂ ಇತ್ತು. ಮದರಾಸು ಸರಕಾರದ ನಿವೃತ್ತ ನ್ಯಾಯಾಧೀಶ ಕಾಸಮೇಜರ್ ಎಂಬವರ ಧನಸಹಾಯದಿಂದ 1848ರಿಂದ 1853ರ ವರೆಗೆ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಎಂಬ ಮಾಲೆ ಹೊರಬಂದಿತು. ಜೈಮಿನಿ ಭಾರತ, ದಾಸರ ಪದಗಳು, ಬಸವಪುರಾಣ, ಚನ್ನಬಸವಪುರಾಣ ಈ ಮಾಲೆಯಲ್ಲಿ ಕಲ್ಲಚ್ಚಿನ ಬೆಳಕನ್ನು ಕಂಡವು. ಅಲ್ಲಿಯ ತನಕ ಮಠಗಳಲ್ಲಿಯೂ ಮನೆಗಳಲ್ಲಿಯೂ ಕೈಬರಹದಲ್ಲಿ ಮಾತ್ರ ಉಳಿದಿದ್ದ ವೀರಶೈವ ಪುರಾಣಗಳು ಒಬ್ಬ ಕ್ರೈಸ್ತ ಬೋಧಕನ ಪರಿಶ್ರಮದಿಂದ ಮುದ್ರಣವನ್ನು ಪಡೆದವು. ಇದೇ ಪರಂಪರೆಯ ವುರ್ತ್ ಎಂಬ ಮಿಷನರಿ ಬಸವಪುರಾಣ ಮತ್ತು ಚನ್ನಬಸವಪುರಾಣಗಳ ಸಾರವನ್ನು ಇಂಗ್ಲಿಷಿಗೆ ತಂದು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. 1868ರಲ್ಲಿ 'ಪ್ರಾಕ್ಕಾವ್ಯಮಾಲಿಕೆ' ಎಂಬ ಸಂಕಲನವನ್ನೂ ಸಿದ್ಧಪಡಿಸಿದನು.

ಈ ಮಾತನ್ನು ಹೇಳುವಾಗ ಸತ್ಯದ ಇನ್ನೊಂದು ಮಗ್ಗುಲನ್ನು ಮರೆಯಲಾಗದು. ಮಿಷನರಿಗಳು ಈ ಗ್ರಂಥಗಳನ್ನು ಅಚ್ಚು ಮಾಡಿದ್ದು ಅವುಗಳಲ್ಲಿಯ ಧರ್ಮವನ್ನು ಒಪ್ಪಿ ಅಲ್ಲ. ಎದುರಾಳಿಯ ಆಯುಧವನ್ನು ಅರಿಯಬೇಕೆಂಬ ಉದ್ದೇಶವೂ ಅಲ್ಲಿ ಸೇರಿತ್ತು. ಲಿಂಗಪೂಜೆಯನ್ನೂ ಜಂಗಮ ಪದ್ಧತಿಯನ್ನೂ ಕುರಿತು ಅವರು ಬರೆದ ಕರಪತ್ರಗಳಲ್ಲಿ ಖಂಡನೆಯ ಧ್ವನಿ ತೀವ್ರವಾಗಿಯೇ ಇದೆ. 1840ರ ಸುಮಾರಿಗೆ ಉತ್ತರ ಕರ್ನಾಟಕದಲ್ಲಿ ಕಾಲಜ್ಞಾನದ ಗ್ರಂಥಗಳನ್ನು ನಂಬಿದ ಒಂದು ಗುಂಪಿನವರು ಮಿಷನರಿಗಳನ್ನು ಸಮೀಪಿಸಿದಾಗ ಅವರೆಲ್ಲರೂ ಕ್ರೈಸ್ತರಾಗುವರೆಂಬ ದೊಡ್ಡ ನಿರೀಕ್ಷೆ ಹುಟ್ಟಿತ್ತು, ಅದು ಕೈಗೂಡಲಿಲ್ಲ. ಕಾಲಜ್ಞಾನವನ್ನು ನಂಬಿದವರಿಗೆ ಬೇಕಾದುದು ಬೇರೆ, ಮಿಷನರಿಗಳು ಕೊಡಬಯಸಿದ್ದು ಬೇರೆ. ಜನರ ಗ್ರಂಥಗಳನ್ನು ಓದದೆ ಜನರ ಮನಸ್ಸನ್ನು ಅರಿಯಲಾಗದೆಂಬ ಪಾಠವನ್ನು ಆ ಸೋಲು ಕಲಿಸಿತು. ಪೂರ್ವಗ್ರಹದಿಂದ ಹೊರಟ ಓದು ಕ್ರಮೇಣ ಪಾಂಡಿತ್ಯಕ್ಕೂ, ಕೆಲವರಲ್ಲಿ ಗೌರವಕ್ಕೂ ತಿರುಗಿದ್ದು ಈ ಇತಿಹಾಸದ ವಿಶೇಷ.

ಫರ್ಡಿನಂಡ್ ಕಿಟ್ಟೆಲ್ಲರ ಜೀವನ ಇದಕ್ಕೆ ಸಾಕ್ಷಿ. ಬಾಸೆಲ್ ಶಾಲೆಯಲ್ಲಿ ಕಲಿತು 1853ರಲ್ಲಿ ಭಾರತಕ್ಕೆ ಬಂದ ಅವರಿಗೆ ಕನ್ನಡಿಗರಿಗೆ ಕನ್ನಡಿಗನಾಗಬೇಕೆಂಬ ಹಂಬಲ. ಕ್ರಿಸ್ತಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿಸಬೇಕೆಂದು 1862ರಲ್ಲಿ 'ಕಥಾಮಾಲೆ'ಯನ್ನು ರಚಿಸಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿದರು. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಮುದ್ರಣಾಲಯದಿಂದಲೇ ಹೊರಬಂದಿತು. ಬೋಧಕನಿಗೆ ಬೇಕಾದ ಮಾತಿನ ಹುಡುಕಾಟದಲ್ಲಿ ತೊಡಗಿದವರು ಒಂದು ಭಾಷೆಯ ಸಮಗ್ರ ಶಬ್ದಸಂಪತ್ತನ್ನೇ ಲೆಕ್ಕಹಾಕಿ ಇಟ್ಟರು.

ಮಂಗಳೂರಿನಲ್ಲಿಯೇ ಕ್ಯಾಥೊಲಿಕರ ಶಿಕ್ಷಣ ಬೇರೊಂದು ಕ್ರಮದಲ್ಲಿ ಸಾಗಿತು. ಜೆಸ್ಯುಯಿಟ್ ಗುರುಗಳು ಬಂದ ಮೇಲೆ 1879ರಲ್ಲಿ ಸಂತ ಜೋಸೆಫರ ಸೆಮಿನರಿ ಆರಂಭವಾಯಿತು. ಮುಂದೆ ಜೆಪ್ಪುವಿನ ಹೆಸರಿನೊಡನೆ ಅದು ಪ್ರಸಿದ್ಧವಾಯಿತು. ಜಗತ್ತಿನ ಇತರ ಕ್ಯಾಥೊಲಿಕ್ ಸೆಮಿನರಿಗಳಂತೆ ಅಲ್ಲಿಯೂ ಲ್ಯಾಟಿನ್ನಿಗೆ ಅಗ್ರಸ್ಥಾನ. ಜನರ ಮಾತಾಗಿ ಕೊಂಕಣಿ. ಮಾಫೈ ಎಂಬ ಗುರುಗಳು ಕೊಂಕಣಿಗೆ 1882ರಲ್ಲಿ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ರಚಿಸಿದರು. ಒಂದೇ ಊರಿನ ಎರಡು ಗುಡ್ಡಗಳ ಮೇಲೆ ನಡೆದ ಬೋಧಕರ ಶಿಕ್ಷಣ ಎರಡು ಭಾಷೆಗಳ ಶಾಸ್ತ್ರಗ್ರಂಥಗಳಿಗೆ ಕಾರಣವಾದುದು ಗಮನಾರ್ಹ.

ಆನಂದರಾವ್ ಕೌಂಡಿನ್ಯ

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದುದು. ಕಲಿತ ಶಿಷ್ಯನನ್ನು ಗುರು ತನ್ನ ಸಮಾನವಾಗಿ ಕೂರಿಸಿಕೊಳ್ಳುವನೇ? ಇದಕ್ಕೆ ಆನಂದರಾವ್ ಕೌಂಡಿನ್ಯರ ಬದುಕೇ ಉದಾಹರಣೆ.

ಆನಂದರಾವ್ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದವರು. ಮಿಷನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರ ಜನವರಿಯಲ್ಲಿ ಅವರು ಇನ್ನಿಬ್ಬರು ಬ್ರಾಹ್ಮಣ ತರುಣರೊಡನೆ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಕ್ಷೋಭೆಯೆದ್ದಿತು. ಮನೆತನಕ್ಕೆ ಮಗನನ್ನು ಕಳೆದುಕೊಂಡ ದುಃಖ. ಮಗನಿಗೆ ಮನೆಯನ್ನು ಕಳೆದುಕೊಂಡ ದುಃಖ. ಈ ಎರಡನ್ನೂ ಚರಿತ್ರಕಾರನು ಸಮನಾಗಿ ಕಾಣಬೇಕು. ಮೋಗ್ಲಿಂಗರ 'ಹರ್ಮನ್' ಎಂಬ ಹೆಸರನ್ನೇ ಧರಿಸಿದ ಈ ತರುಣನನ್ನು ಅವರು ಮಗನಂತೆ ಕಂಡರು. 1846ರಲ್ಲಿ ಬಾಸೆಲ್‌ಗೆ ಕರೆದೊಯ್ದರು. ಅಲ್ಲಿಯ ಶಾಲೆಯಲ್ಲಿ ಯುರೋಪಿನ ವಿದ್ಯಾರ್ಥಿಗಳೊಡನೆ ಸರಿಸಮನಾಗಿ ಕಲಿತು, 1851ರಲ್ಲಿ ಗುರುಪಟ್ಟ ಪಡೆದು, ಕೌಂಡಿನ್ಯರು ಮಿಷನರಿಯಾಗಿಯೇ ಮಂಗಳೂರಿಗೆ ಮರಳಿದರು. ದೈವಜ್ಞಾನಶಾಲೆಯಲ್ಲಿ ಬಹುಕಾಲ ಪಾಠ ಹೇಳಿದರು. ಕೊಡಗಿನಲ್ಲಿ ದಲಿತ ಕ್ರೈಸ್ತರಿಗಾಗಿ ಆನಂದಪುರವೆಂಬ ನೆಲೆ ಏರ್ಪಟ್ಟಿತು. ಅದರ ಹೆಸರಿನಲ್ಲಿ ಇಂದಿಗೂ ಅವರ ಸ್ಮರಣೆಯಿದೆ. ಬ್ರಾಹ್ಮಣ್ಯವನ್ನು ಬಿಟ್ಟುಬಂದವರು ತೋಟದ ಆಳುಗಳ ಮಕ್ಕಳಿಗೆ ನೆಲ ಒದಗಿಸಲು ದುಡಿದರು. ಅವರು ತೀರಿಕೊಂಡದ್ದು 1893ರಲ್ಲಿ.

ಕೌಂಡಿನ್ಯರಿಗೆ ದೊರೆತ ಸ್ಥಾನ ಬಲ್ಮಠದಲ್ಲಿ ಕಲಿತ ಉಳಿದವರಿಗೆ ಸುಲಭವಾಗಿ ದೊರೆಯಲಿಲ್ಲ. ಕಲಿಕೆ ಮುಗಿಸಿದವನು ಮೊದಲು ಉಪದೇಶಿ. ಹಳ್ಳಿಯಿಂದ ಹಳ್ಳಿಗೆ ನಡೆದು ಬೋಧಿಸುವುದು, ಶಾಲೆ ನಡೆಸುವುದು, ಸಭೆಯ ಲೆಕ್ಕ ಬರೆಯುವುದು, ಮಿಷನರಿ ಬಂದಾಗ ವರದಿ ಒಪ್ಪಿಸುವುದು ಅವನ ಕೆಲಸ. ಸಂಸ್ಕಾರಗಳನ್ನು ನೆರವೇರಿಸುವ ಸಭಾಪಾಲಕನ ಪಟ್ಟಕ್ಕೆ ಏರಲು ಅವನು ವರ್ಷಾನುಗಟ್ಟಲೆ ಕಾಯಬೇಕಾಗಿತ್ತು. ಬಾಸೆಲ್ಲಿನ ಮೇಲ್ವಿಚಾರಕ ಯೋಸನ್‌ಹಾನ್ಸ್ 1851-52ರಲ್ಲಿ ಭಾರತಕ್ಕೆ ಬಂದು ಎಲ್ಲ ಠಾಣೆಗಳನ್ನೂ ನೋಡಿ ಸಭೆಗಳ ಆಡಳಿತಕ್ಕೆ ಕಟ್ಟುನಿಟ್ಟಾದ ಕ್ರಮವನ್ನು ತಂದನು. ಆ ಕ್ರಮದಿಂದ ಸಂಸ್ಥೆ ಭದ್ರವಾಯಿತು. ಆದರೆ ಶಿಷ್ಯರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡ ಮೋಗ್ಲಿಂಗರ ಮನೆಯ ಉಸಿರು ಅದರೊಳಗೆ ಉಳಿಯುವುದು ಕಷ್ಟವಾಯಿತು. ಮೋಗ್ಲಿಂಗರೂ 1853ರಲ್ಲಿ ಕೊಡಗಿಗೆ ಹೋದರು. 1860ರಲ್ಲಿ ಸ್ವದೇಶಕ್ಕೆ ಮರಳಿ 1881ರಲ್ಲಿ ತೀರಿಕೊಂಡರು.

ಇನ್ನೂ ಒಂದು ತೊಡಕಿತ್ತು. ಹೊಸದಾಗಿ ಕ್ರೈಸ್ತರಾದವರಲ್ಲಿ ಬಹುಜನರು ತಮ್ಮ ನೆಲ, ಕಸುಬು, ಬಂಧುಬಳಗಗಳಿಂದ ಬೇರ್ಪಟ್ಟವರು. ಅವರ ಜೀವನಕ್ಕಾಗಿ ಮಿಷನ್ ನೇಯ್ಗೆಯ ಕಾರ್ಖಾನೆಗಳನ್ನೂ ಹೆಂಚಿನ ಕಾರ್ಖಾನೆಗಳನ್ನೂ ತೆರೆಯಿತು. ಹೀಗಾಗಿ ಕೂಲಿ ಕೊಡುವವನೂ ಮಿಷನ್, ಶಾಲೆ ನಡೆಸುವವನೂ ಮಿಷನ್, ಸಭಾಪಾಲಕನನ್ನು ನೇಮಿಸುವವನೂ ಮಿಷನ್ ಎಂಬಂತಾಯಿತು. ಸಭೆಯ ಜನರೇ ತಮ್ಮ ಕಾಣಿಕೆಯಿಂದ ಬೋಧಕನನ್ನು ಸಾಕುವ ತನಕ ಅವನು ಜನರ ಬೋಧಕನಾಗಲಾರ, ಸಂಸ್ಥೆಯ ನೌಕರನಾಗಿಯೇ ಉಳಿಯುತ್ತಾನೆ. ಭಕ್ತರ ಭಿಕ್ಷೆಯ ಮೇಲೆ ನಿಂತ ಮಠಗಳ ಅನುಭವವುಳ್ಳವರಿಗೆ ಈ ಮಾತಿನ ತೂಕ ಬೇಗನೆ ತಿಳಿಯುತ್ತದೆ.

ಯುದ್ಧ ತಂದ ಬದಲಾವಣೆ

ಈ ಅವಲಂಬನೆಗೆ ಪೆಟ್ಟು ಕೊಟ್ಟುದು ಹೊರಗಿನ ಒಂದು ಘಟನೆ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳು ಶತ್ರುದೇಶದ ಪ್ರಜೆಗಳಾದರು. ಸರಕಾರ ಅವರನ್ನು ಬಂಧನದಲ್ಲಿರಿಸಿ ಅನಂತರ ದೇಶದಿಂದ ಕಳುಹಿಸಿತು. ಕಾರ್ಖಾನೆಗಳು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಎಂಬತ್ತು ವರ್ಷಗಳ ಕಾಲ ಮೇಲಿನಿಂದ ಬರುತ್ತಿದ್ದ ಆಜ್ಞೆ ನಿಂತುಹೋಯಿತು. ಆಗ ಸಭೆಗಳನ್ನು ಹಿಡಿದು ನಿಲ್ಲಿಸಿದವರಲ್ಲಿ ಬಲ್ಮಠದಲ್ಲಿ ಕಲಿತ ಕನ್ನಡದ ಸಭಾಪಾಲಕರದು, ಉಪದೇಶಿಗಳದು ದೊಡ್ಡ ಪಾಲು. ಶಿಕ್ಷಣದ ನಿಜವಾದ ಪರೀಕ್ಷೆ ಗುರುವು ಎದ್ದುಹೋದ ದಿನ ನಡೆಯುತ್ತದೆಂಬ ಮಾತು ಇಲ್ಲಿ ನಿಜವಾಯಿತು.

ಇದಕ್ಕೆ ಸ್ವಲ್ಪ ಮೊದಲು, 1910ರಲ್ಲಿ, ಹಲವು ಮಿಷನ್ನುಗಳು ಸೇರಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನು ಸ್ಥಾಪಿಸಿದ್ದವು. ಡೆನ್ಮಾರ್ಕಿನ ಲಾರ್ಸನ್ ಅದರ ಮೊದಲ ಪ್ರಾಂಶುಪಾಲರು. ದಕ್ಷಿಣ ಭಾರತದ ಎಲ್ಲ ಭಾಷೆಗಳ ವಿದ್ಯಾರ್ಥಿಗಳು ಬರುತ್ತಿದ್ದುದರಿಂದ ಅಲ್ಲಿಯ ಪಾಠ ಇಂಗ್ಲಿಷಿನಲ್ಲಿ. ಒಂದೊಂದು ಮಿಷನ್ನಿನ ಗೋಡೆಯೊಳಗೆ ಬೆಳೆದವರು ಒಂದೇ ತರಗತಿಯಲ್ಲಿ ಕುಳಿತು ಕಲಿತುದರಿಂದ ಸಭೆಗಳ ಐಕ್ಯದ ಭಾವನೆ ಬಲಗೊಂಡಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡುದಕ್ಕೆ ಇಂಥ ಶಿಕ್ಷಣವೂ ಒಂದು ಕಾರಣ. 1954ರಲ್ಲಿ ರಸಲ್ ಚಂದ್ರನ್ ಅವರು ಪ್ರಾಂಶುಪಾಲರಾದಾಗ ಕಾಲೇಜಿನ ನಾಯಕತ್ವ ಭಾರತೀಯರ ಕೈಗೆ ಬಂದಿತು. ಅದೇ ಬೆಂಗಳೂರಿನಲ್ಲಿ 1957ರಲ್ಲಿ ದೇವಾನಂದನ್ ಅವರ ನಿರ್ದೇಶನದಲ್ಲಿ ಧರ್ಮ ಮತ್ತು ಸಮಾಜಗಳ ಅಧ್ಯಯನಕ್ಕೆಂದೇ ಒಂದು ಕ್ರೈಸ್ತ ಸಂಸ್ಥೆ ಆರಂಭವಾಗಿ, ಅನ್ಯಧರ್ಮದವರೊಡನೆ ವಾದಕ್ಕೆ ಬದಲು ಸಂವಾದ ನಡೆಯಬೇಕೆಂಬ ವಿಚಾರಕ್ಕೆ ನೆಲೆ ದೊರೆಯಿತು.

ಇಂಗ್ಲಿಷಿನ ಉನ್ನತ ಶಿಕ್ಷಣ ಬೆಳೆದಂತೆ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದ್ದಿತು. ಇಂಗ್ಲಿಷಿನಲ್ಲಿ ದೈವಜ್ಞಾನ ಕಲಿತವನು ಬೈಲಹೊಂಗಲದ ರೈತನಿಗೆ ಅದನ್ನು ಹೇಗೆ ಹೇಳಬೇಕು? ತುಮಕೂರಿನಲ್ಲಿ ನಡೆದ ಯೂನಿಯನ್ ಕೆನರೀಸ್ ಸೆಮಿನರಿಯೂ ಮಂಗಳೂರಿನ ಹಳೆಯ ಶಾಲೆಯೂ ಕನ್ನಡದ ಪಾಠವನ್ನು ಬಿಡದೆ ಕಾಪಾಡಿಕೊಂಡು ಬಂದವು. ಈ ಪರಂಪರೆಯನ್ನು ಮುಂದುವರಿಸಿ 1965ರಲ್ಲಿ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಸ್ಥಾಪಿತವಾಯಿತು. ಕೇರಿಯ ಶ್ರೀರಾಮಪುರದ ಪದವಿ ವ್ಯವಸ್ಥೆಗೆ ಅದು ಸೇರಿದೆ. ಮಿಷನ್ನಿನ ಹಳೆಯ ಪುಸ್ತಕಗಳು, ಪತ್ರಗಳು ಅಲ್ಲಿಯ ಸಂಗ್ರಹದಲ್ಲಿ ಸಂಶೋಧಕರಿಗೆ ದೊರೆಯುತ್ತವೆ.

ಉತ್ತಂಗಿ ಚನ್ನಪ್ಪನವರು

ಬಲ್ಮಠದ ಶಿಕ್ಷಣ ಏನನ್ನು ಸಾಧಿಸಿತೆಂದು ಕೇಳಿದರೆ ಒಬ್ಬ ವ್ಯಕ್ತಿಯನ್ನು ತೋರಿಸಿದರೆ ಸಾಕು. ಅವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಬಾಸೆಲ್ ಮಿಷನ್ ಶಾಲೆಯಲ್ಲಿ ಓದಿ, ಮಂಗಳೂರಿನ ದೈವಜ್ಞಾನಶಾಲೆಯಲ್ಲಿ ಬೋಧಕರ ಶಿಕ್ಷಣ ಪಡೆದು, ಉತ್ತರ ಕರ್ನಾಟಕದ ಸಭೆಗಳಲ್ಲಿ ಸೇವೆ ಸಲ್ಲಿಸಿದರು. ಊರೂರು ತಿರುಗುವುದು ಬೋಧಕನ ಕೆಲಸ. ಆ ತಿರುಗಾಟದಲ್ಲಿ ಚನ್ನಪ್ಪನವರ ಜೋಳಿಗೆಗೆ ಬಿದ್ದುದು ಸರ್ವಜ್ಞನ ತ್ರಿಪದಿಗಳು. ಜನರ ಬಾಯಲ್ಲಿಯೂ ಹಸ್ತಪ್ರತಿಗಳಲ್ಲಿಯೂ ಚದರಿಹೋಗಿದ್ದ ಅವನ್ನು ವರ್ಷಗಟ್ಟಲೆ ಕೂಡಿಸಿ, ಪಾಠ ತಿದ್ದಿ, ವಿಷಯಾನುಸಾರ ಜೋಡಿಸಿ 1924ರಲ್ಲಿ ಪ್ರಕಟಿಸಿದರು. 'ತಿರುಳ್ಗನ್ನಡದ ತಿರುಕ' ಎಂದು ಅವರು ತಮ್ಮನ್ನು ಕರೆದುಕೊಂಡದ್ದು ಸಾರ್ಥಕವಾಯಿತು.

ಸರ್ವಜ್ಞನಿಂದ ಅವರ ದಾರಿ ಶರಣರ ಕಡೆಗೆ ತಿರುಗಿತು. ಮೋಳಿಗೆ ಮಾರಯ್ಯ ಮತ್ತು ಮಹಾದೇವಿಯವರ ವಚನಗಳನ್ನೂ ಸಿದ್ಧರಾಮನ ಸಾಹಿತ್ಯವನ್ನೂ ಸಂಪಾದಿಸುವ ಕಾರ್ಯದಲ್ಲಿ ಅವರು ವೀರಶೈವ ವಿದ್ವಾಂಸರೊಡನೆ ಹೆಗಲು ಕೊಟ್ಟರು. ಅನುಭವಮಂಟಪವೆಂಬುದು ಹಿಂದಿನವರ ಕಲ್ಪನೆ, ಚರಿತ್ರೆಯಲ್ಲಿ ಅದಕ್ಕೆ ಆಧಾರವಿಲ್ಲ ಎಂಬ ವಾದ ವಿದ್ವತ್ ಪ್ರಪಂಚದಲ್ಲಿ ಬಲವಾಗಿ ಎದ್ದಾಗ ಅದಕ್ಕೆ ಆಧಾರಗಳನ್ನು ಕೂಡಿಸಿ ಉತ್ತರ ಬರೆದವರಲ್ಲಿ ಈ ಕ್ರೈಸ್ತ ಸಭಾಪಾಲಕರು ಪ್ರಮುಖರು. ಅವರ 'ಅನುಭವಮಂಟಪದ ಐತಿಹಾಸಿಕತೆ' ಆ ಚರ್ಚೆಯ ಮುಖ್ಯ ಗ್ರಂಥಗಳಲ್ಲಿ ಒಂದು. ತಮ್ಮ ಧರ್ಮದವರಿಗೂ ಅವರು ದಿಟ್ಟ ಮಾತು ಹೇಳಿದವರೇ. 1921ರ 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಹೆಸರೇ ಅವರ ಮನೋಧರ್ಮವನ್ನು ಸೂಚಿಸುತ್ತದೆ. ಅಲ್ಲಿರುವುದು ಆಜ್ಞೆಯಲ್ಲ, ವಿನಂತಿ. ಕನ್ನಡಿಗರು ಅವರನ್ನು 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕೂರಿಸಿದರು. 1962ರಲ್ಲಿ ಅವರು ದೇಹವಿಟ್ಟಾಗ ಕ್ರೈಸ್ತ ಸಭೆಯಂತೆಯೇ ಶರಣ ಸಾಹಿತ್ಯದ ಲೋಕವೂ ಬಡವಾಯಿತು.

ಮೋಗ್ಲಿಂಗರು ಬಸವಪುರಾಣವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದಾಗ ಅವರ ಮುಂದಿದ್ದ ಗುರಿ ಒಂದು. ಅದೇ ಶಾಲೆಯಲ್ಲಿ ಕಲಿತ ಚನ್ನಪ್ಪನವರು ನೂರು ವರ್ಷಗಳ ಅನಂತರ ಅನುಭವಮಂಟಪದ ಪರವಾಗಿ ಲೇಖನಿ ಹಿಡಿದಾಗ ಸಾಧಿತವಾದುದು ಇನ್ನೊಂದು. ಅನ್ಯರನ್ನು ಒಲಿಸಲೆಂದು ಅನ್ಯರ ಗ್ರಂಥವನ್ನು ಕೈಗೆತ್ತಿಕೊಂಡ ಶಿಕ್ಷಣವು ಆ ಗ್ರಂಥಕ್ಕೆ ಒಲಿದವರನ್ನೂ ಬೆಳೆಸಿತು. ಚನ್ನಪ್ಪನವರು ಕ್ರಿಸ್ತನನ್ನು ಬಿಡಲಿಲ್ಲ, ಶರಣರನ್ನು ದೂರ ಇಡಲೂ ಇಲ್ಲ. ತನ್ನ ನಂಬಿಕೆಯಲ್ಲಿ ದೃಢನಾಗಿದ್ದು ನೆರೆಯವನ ನಂಬಿಕೆಯನ್ನು ಪ್ರಾಮಾಣಿಕವಾಗಿ ಅರಿಯುವವನೇ ನಿಜವಾದ ಮುಂದಾಳು ಎಂಬುದನ್ನು ಅವರ ಬದುಕು ತೋರಿಸಿಕೊಟ್ಟಿತು.

ಧರ್ಮಬೋಧಕರನ್ನು ಸಿದ್ಧಪಡಿಸುವ ಎಲ್ಲ ಸಂಸ್ಥೆಗಳಿಗೂ ಬಲ್ಮಠದ ಚರಿತ್ರೆಯಿಂದ ಕಲಿಯತಕ್ಕ ಸಂಗತಿಗಳಿವೆ. ಗುರು ಶಿಷ್ಯನ ಮಾತನ್ನು ಕಲಿತ ಕಡೆ ಶಿಕ್ಷಣ ಬೇರುಬಿಟ್ಟಿದೆ. ಅಧಿಕಾರವನ್ನು ತನ್ನಲ್ಲಿಯೇ ಉಳಿಸಿಕೊಂಡ ಕಡೆ ಅದು ಕುಂಠಿತವಾಗಿದೆ. ನಾಡಿನ ಸಾಹಿತ್ಯಕ್ಕೆ ಬಾಗಿಲು ತೆರೆದ ಕಡೆ ನಿರೀಕ್ಷೆಗೆ ಮೀರಿದ ಫಲ ಕೊಟ್ಟಿದೆ. ಮಡಿಯಲ್ಲಿ ಸಸಿಯನ್ನು ಬೆಳೆಸುವವನು ಅದನ್ನು ಎಂದಾದರೂ ಕಿತ್ತು ಹೊಲಕ್ಕೆ ಕೊಡಲೇಬೇಕು. ಹೊಲಕ್ಕೆ ಹೋದ ಸಸಿ ಆ ಹೊಲದ ಮಣ್ಣನ್ನೇ ಉಂಡು ಬೆಳೆಯುತ್ತದೆ. ಬಲ್ಮಠದ ಸಸಿ ಕನ್ನಡದ ಮಣ್ಣನ್ನು ಉಂಡಿತು. ಅದು ಬಿಟ್ಟ ಹಣ್ಣಿನಲ್ಲಿ ಈ ನಾಡಿನ ಎಲ್ಲರಿಗೂ ಪಾಲಿದೆ.